ಹದಿನೈದು ಎಣಿಸುವಷ್ಟು ಹೊತ್ತು

ಗ್ರಿಮ್ಸ್‌ಬಿಯ ಮೀನುಕಟ್ಟೆಯ ಹಿಂದಿನ ಕ್ಲಿನಿಕ್ಕಿಗೆ
ಜೋಡಿ ಒಬ್ಬಳೇ ಬಂದಳು.
ಹನ್ನೊಂದು ವಾರ. ಕೈಯಲ್ಲಿ ಹ್ಯಾಡಕ್ ಮೀನಿನ ವಾಸನೆ,
ಬಾಯಲ್ಲಿ ಪುದೀನ.
ಪುದೀನ ಯಾಕೆಂದು ನನಗೆ ಗೊತ್ತು.
ಇಪ್ಪತ್ತಾರು ವರ್ಷದಿಂದ ಸೂಲಗಿತ್ತಿ ನಾನು,
ಮೂಗಿಗಿನ್ನೂ ಮುಪ್ಪು ಬಂದಿಲ್ಲ.

ಮೊದಮೊದಲು ಗದರುತ್ತಿದ್ದೆ.
ಗೋಡೆಗೊಂದು ಚಿತ್ರ ತೂಗುಹಾಕಿ
ಅದರತ್ತ ಬೆರಳು ಮಾಡಿ
"ಇದು ನಿನ್ನ ಮಗುವಾದರೆ?" ಅನ್ನುತ್ತಿದ್ದೆ.
ಲೊರೇನ್ ಎಂಬವಳು ಆ ಚಿತ್ರ ನೋಡಿ
ಕೋಟಿನ ಗುಂಡಿ ಹಾಕಿಕೊಂಡು ಎದ್ದು ಹೋದಳು.
ಮತ್ತೆ ಬಂದದ್ದು ನೋವು ಶುರುವಾದ ಮೇಲೆಯೇ,
ಏಳು ವಾರ ಮುಂಚೆ, ರಾತ್ರಿ ಎರಡು ಗಂಟೆಗೆ.
ಗದರಿದ್ದು ಯಾರ ಎದೆಗೆ ತಾಕಿತು, ಹೇಳಿ?
ಚಿತ್ರ ತೆಗೆದೆ. ಮೊಳೆ ಹಾಗೆಯೇ ಇದೆ.

ಈಗಿರುವುದು ಅಂಗೈಯಗಲದ ಯಂತ್ರ,
ತುದಿಗೊಂದು ರಟ್ಟಿನ ಕೊಳವೆ.
"ಉಸಿರು ಹಿಡಿ, ಹದಿನೈದು ಎಣಿಸುತ್ತೇನೆ,
ಆಮೇಲೆ ಮೆಲ್ಲಗೆ ಊದು, ಬಿಸಿ ಚಹಾ ಆರಿಸಿದ ಹಾಗೆ.
ಎಲ್ಲ ಬಸುರಿಯರಿಗೂ ಇದೇ ಪಾಠ,
ನಿಮ್ಮ ಮ್ಯಾನೇಜರನ ಹೆಂಡತಿಗೂ."
ಒಂದು, ಎರಡು... ಒಂಬತ್ತಕ್ಕೆ ಕೆಮ್ಮಿದಳು.
ಮತ್ತೆ ಒಂದರಿಂದ.
ಹದಿನೇಳು. ಕೆಂಪು ದೀಪ.

"ಪಕ್ಕದ ಹೊಗೆಮನೆಯದಿರಬೇಕು, ಗ್ಲೆನಿಸ್.
ತಾತನ ಕಾಲದಿಂದ ಹೊಗೆಯೇ ನಮಗೆ ಅನ್ನ.
ಈ ಊರಿನ ಮೀನಿಗೂ ಹೊಗೆ ಕುಡಿದ ಮೇಲೇ ಬೆಲೆ."
ನಕ್ಕೆ. ಅವಳೂ ನಕ್ಕಳು.
ನಗು ಮುಗಿದ ಮೇಲೂ
ಹದಿನೇಳು ಹಾಗೆಯೇ ಇತ್ತು.

ಬಿಡು ಅನ್ನಲಿಲ್ಲ ನಾನು.
ಕೇಳಿದೆ: ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು?
ಮನೆಯಲ್ಲಿ ಇನ್ಯಾರು ಸೇದುತ್ತಾರೆ?
ಯಾವುದನ್ನು ಬಿಡುವುದು ಎಲ್ಲಕ್ಕಿಂತ ಕಷ್ಟ?
ಈ ಕೊನೆಯ ಪ್ರಶ್ನೆಗೆ ತಲೆಯೆತ್ತಿದಳು.
"ಹತ್ತೂವರೆಯದು. ಹಿಂಬಾಗಿಲ ಮೆಟ್ಟಿಲ ಮೇಲೆ
ನಾನು, ಮೌರೀನ್, ಪೋಲೆಂಡಿನ ಬೊಝೆನಾ.
ಅಷ್ಟು ಹೊತ್ತಿಗೆ ಮಂಜುಗಡ್ಡೆಯಲ್ಲಿ ಬೆರಳು ಸತ್ತಿರುತ್ತವೆ.
ಹತ್ತು ನಿಮಿಷ. ದಿನದಲ್ಲಿ ನನ್ನದು ಅನ್ನುವುದು ಅಷ್ಟೇ.
ಸೇದದವರಿಗೆ ಆ ಬಾಗಿಲು ತೆರೆಯುವುದಿಲ್ಲ."

ಬಾವಿಯಿಂದ ನೀರು ಸೇದುವ ಹಾಗೆ
ಆ ಹತ್ತು ನಿಮಿಷದಿಂದ ಏನನ್ನೋ ಸೇದುತ್ತಾಳೆ ಈ ಹುಡುಗಿ.
ಹಗ್ಗ ಕತ್ತರಿಸು ಎಂದುಬಿಟ್ಟರೆ
ಬಾಯಾರಿಕೆ ಎಲ್ಲಿಗೆ ಹೋಗಬೇಕು?

ತೋಳಿಗೆ ನಿಕೋಟಿನ್ ಪಟ್ಟಿ ಅಂಟಿಸುವುದು ತೋರಿಸಿದೆ,
ರಾತ್ರಿ ಕಿತ್ತಿಡು ಅಂದೆ.
ಮಂಗಳವಾರ ಫೋನ್ ಮಾಡುತ್ತೇನೆ ಅಂದೆ, ಮಾಡಿದೆ.
ಮುಂದಿನ ಸಲ ಬಂದಾಗ ಹನ್ನೊಂದು. ಅದರ ಮುಂದಿನ ಸಲ ಆರು.
ಆಮೇಲೆ, ತಮ್ಮನನ್ನು ಕೋರ್ಟಿಗೆ ಕರೆಸಿದ ವಾರ,
ಹದಿನಾಲ್ಕು.
ಊದುವ ಮುಂಚೆಯೇ ಅವಳ ಕಣ್ಣು ನೆಲದಲ್ಲಿತ್ತು.

ಕೆಟಲ್ ಇಟ್ಟೆ.
"ಏಳು ದಿನದಲ್ಲಿ ಎಷ್ಟು ದಿನ ಸೇದಲಿಲ್ಲ?"
ಬೆರಳು ಮಡಿಸಿದಳು. ಮೂರಕ್ಕೆ ನಿಂತು,
ಭಾನುವಾರವನ್ನು ನೆನಪಿಸಿಕೊಂಡು, ನಾಲ್ಕು.
ನಾಲ್ಕನ್ನು ಕಡತದಲ್ಲಿ ಬರೆದೆ
ಹದಿನಾಲ್ಕರ ಪಕ್ಕ, ಅಷ್ಟೇ ದಪ್ಪಕ್ಕೆ.

ಬಸುರಿಯ ಬಯಕೆ ತೀರಿಸಬೇಕು ಅನ್ನುತ್ತಾರೆ.
ಇವಳ ಬಯಕೆ ಉಪ್ಪಿನಕಾಯಲ್ಲ.
ಹೊಗೆಯೂ ಅಲ್ಲವೇನೋ
ಅಂತ ನನಗೆ ಅನ್ನಿಸಿದ್ದು ನವೆಂಬರಿನಲ್ಲಿ,
ಹಲ್ಲಿನ ಡಾಕ್ಟರ ಬಳಿ ಹೋಗುವಾಗ.
ಬಸ್ಸಿನ ಕಿಟಕಿಯಲ್ಲಿ ಕಾರ್ಖಾನೆಯ ಹಿಂಬಾಗಿಲು,
ಬಿಳಿ ಗಂಬೂಟು, ನೀಲಿ ಬಲೆಟೋಪಿ,
ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು,
ಇವಳು ಒಂದು ಮಾರು ಆಚೆ, ಗಾಳಿ ಬರುವ ಕಡೆಗೆ,
ಮಾತಿಗೆ ಹತ್ತಿರ, ಹೊಗೆಗೆ ದೂರ.
ಬೆರಳ ನಡುವೆ ಬಿಳಿಯದೇನೋ.
ನನ್ನ ಎದೆ ಧಸಕ್ಕೆಂದಿತು.
ತುಟಿಗಿಟ್ಟಳು.

ನಮ್ಮ ರಟ್ಟಿನ ಕೊಳವೆ!
ಯಾವಾಗ ಜೇಬಿಗೆ ಹಾಕಿಕೊಂಡಳೋ.
ಬೊಝೆನಾ ಏನೋ ಅಂದಳು, ಮೂವರೂ ನಕ್ಕರು.
ಆಮೇಲೆ ಇವಳು ಉಸಿರೆಳೆದಳು, ಹಿಡಿದಳು.
ಸಿಗ್ನಲ್ಲಿನಲ್ಲಿ ಬಸ್ಸು ನಿಂತೇ ಇತ್ತು.
ಗಾಜಿನ ಈಚೆ ನಾನು ಎಣಿಸತೊಡಗಿದೆ.
ಹನ್ನೆರಡು, ಹದಿಮೂರು, ಹದಿನಾಲ್ಕು,
ಬಸ್ಸು ಹೊರಟಿತು.